ಮುಚ್ಚಳದ ಮೇಲಿನ ಅಕ್ಷರ

ಕೋಶಗಳು ಯಾರವೆಂದು ಖಚಿತಪಡಿಸುವ ಡಿಎನ್‌ಎ ವರದಿಯನ್ನು ಎರಡು ಸಲ ಓದಿದೆ. ಇಪ್ಪತ್ತೆಂಟು ದಿನ ನಾನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಕೋಶಗಳು ಅಕ್ಕನವಲ್ಲ, ನನ್ನವು!

ಗಡ್ಡೆ ತೆಗೆಯುವಾಗ ಅಕ್ಕನ ಕೆಳದವಡೆಯ ಎಡಭಾಗದ ಮೂಳೆಯೂ ಹೋಗಿತ್ತು. ಎರಡು ವರ್ಷದಿಂದ ಅವಳು ಅಗಿದು ತಿಂದದ್ದೇ ಇಲ್ಲ. ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಹೊಸ ಚಿಕಿತ್ಸೆಯೊಂದನ್ನು ಪರೀಕ್ಷಿಸುತ್ತಿದ್ದರು. ತೋಳಿನ ಚೂರು ಚರ್ಮದಿಂದ ಕಾಂಡಕೋಶ ಬೇರ್ಪಡಿಸಿ, ಅವು ಮೂಳೆಯಾಗುವಂತೆ ಬೆಳೆಸಿ, ದವಡೆಯಲ್ಲಿ ಕೂರಿಸುವುದು. ಸಂಬಂಧಿಕರ ಮಾದರಿಯನ್ನು ನಾವು ಮುಟ್ಟುವಂತಿಲ್ಲ. ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕಾಲಿಗೆ ಬೀಳುವುದೊಂದು ಬಾಕಿ, ಹಾಗೆ ಗೋಗರೆದು ಆ ಕೆಲಸ ಹಿಡಿದಿದ್ದೆ. ಅಕ್ಕನಿಗೆ ಧೈರ್ಯ ಬರಲೆಂದು ಮೊದಲು ನನ್ನ ತೋಳಿನ ಚರ್ಮ ತೆಗೆಸಿಕೊಂಡು, ಅದನ್ನೂ ಪಕ್ಕದ ತಟ್ಟೆಯಲ್ಲಿ ಬೆಳೆಸಿದೆ.

ಮೊದಲ ಒಂಬತ್ತು ದಿನ ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಒಂದು ತಟ್ಟೆ ಬೇಗ ತುಂಬಿತು, ಇನ್ನೊಂದು ಮಂಕಾಗಿ ಕೂತಿತು. "ನಿನ್ನವು ಚುರುಕು ಕಣೇ, ನನ್ನವೇ ಸೋಮಾರಿಗಳು," ಎಂದು ದಿನಾ ಅಕ್ಕನಿಗೆ ಫೋನಿನಲ್ಲಿ ಹೇಳಿ ಹಿಗ್ಗುತ್ತಿದ್ದೆ. ಹನ್ನೆರಡನೆಯ ದಿನ ಸೋಮಾರಿಗಳನ್ನು ಕಸಕ್ಕೆ ಹಾಕಿದೆ.

ಈಗ ನೆನಪಾಯಿತು. ಅದಕ್ಕೂ ಮೂರು ದಿನ ಮೊದಲು ತಟ್ಟೆಗಳನ್ನು ಸ್ಪಿರಿಟ್ ಹಾಕಿ ಒರೆಸುವಾಗ, ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದಿದ್ದ ನಮ್ಮಿಬ್ಬರ ಹೆಸರಿನ ಮೊದಲ ಅಕ್ಷರಗಳು ಎರಡೂ ಅಳಿಸಿಹೋಗಿದ್ದವು. ಅಕ್ಕನದು ಬಲಗಡೆಯದು ಅಂದುಕೊಂಡು ಮತ್ತೆ ಬರೆದುಬಿಟ್ಟೆ. ಯಾರನ್ನೂ ಕೇಳಲಿಲ್ಲ. ನನ್ನ ದರಿದ್ರ ಆತುರ!

ಶಸ್ತ್ರಚಿಕಿತ್ಸೆ ಮರುದಿನವೇ ಇತ್ತು. ಅಕ್ಕ ಆಸ್ಪತ್ರೆಯ ಮಂಚದ ಮೇಲೆ ಕೂತು ಸೇಬೊಂದನ್ನು ಬಟ್ಟೆಯಲ್ಲಿ ಉಜ್ಜುತ್ತಿದ್ದಳು.

"ಕಚ್ಚೋ ಕಾಲ ಬರೋವರೆಗೆ ನೋಡ್ಕೊಂಡಾದ್ರೂ ಇರ್ತೀನಿ," ಎಂದು ನಕ್ಕಳು.

"ಅಕ್ಕಾ, ನಾಳೆ ಆಪರೇಷನ್ ಇಲ್ಲ." ವರದಿಯನ್ನು ಅವಳ ಮುಂದಿಟ್ಟೆ. "ಬೆಳೆದಿದ್ದು ನಿನ್ನ ಕೋಶ ಅಲ್ಲ, ನನ್ನದು. ತಟ್ಟೆ ಅದಲು ಬದಲು ಮಾಡ್ಬಿಟ್ಟೆ. ನನ್ನ ಕೋಶನ ನಿನ್ನ ಮೈ ಒಪ್ಪಲ್ಲ."

"ಮತ್ತೆ ನನ್ನವು?"

"ಕಸಕ್ಕೆ ಹೋದ್ವು."

"ಯಾರು ಹಾಕಿದ್ದು?"

"ನಾನೇ."

ಅವಳು ಸೇಬನ್ನು ಮೇಜಿನ ಮೇಲಿಟ್ಟಳು. ಚಿಕ್ಕಂದಿನಿಂದ ನನ್ನ ಎಡವಟ್ಟಿಗೆಲ್ಲ "ಹೋಗ್ಲಿ ಬಿಡು ಪುಟ್ಟಿ" ಎಂದವಳು. ಆ ಮಾತಿಗಾಗಿಯೇ ಕಾದೆ. ಬರಲಿಲ್ಲ. ಅವಳು ಚರ್ಮ ತೆಗೆದ ಗಾಯವಿಲ್ಲದ ಇನ್ನೊಂದು ತೋಳಿನ ಬಟ್ಟೆಯನ್ನು ಮೇಲಕ್ಕೆ ಸರಿಸಿದಳು.

"ಇನ್ನೊಂದ್ಸಲ ಚರ್ಮ ಕೊಡ್ತೀನಿ ಅಂತ ಮೇಡಂಗೆ ಹೇಳು."

ಅಳು ಉಕ್ಕಿ ಬಂತು. ಆ ತೋಳನ್ನು ಹಿಡಿದುಕೊಳ್ಳಲು ಹೋದೆ. ಅಕ್ಕ ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ನೀನು ಮಾತ್ರ ಮುಟ್ಬೇಡ."