ಎಡಗಡೆಯ ದಾಂಡಿಗನ ಬೆರಳು

ಶನಿವಾರ ನಮ್ಮ ಕಾಲೇಜಿನ ವಿರುದ್ಧ ಅಮೆರಿಕನ್ ಫುಟ್‌ಬಾಲ್ ಆಡಲಿರುವವರು, ಪದ್ಧತಿಯಂತೆ, ತಮ್ಮ ಹಿಂದಿನ ಪಂದ್ಯಗಳ ವಿಡಿಯೊ ಕಳಿಸಿದ್ದರು. ನಾವು ಮೂವರು ತರಬೇತುದಾರರು ಬೆಳಿಗ್ಗೆಯಿಂದ ಅದನ್ನೇ ನೋಡುತ್ತಿದ್ದೆವು. ಅವರ ಓಟಗಾರರು ಚುರುಕು, ಕಾವಲು ಗಟ್ಟಿ. ಎಲ್ಲೂ ಹುಳುಕು ಸಿಕ್ಕಿರಲಿಲ್ಲ. ಮಧ್ಯಾಹ್ನ, ಪಿಜ್ಜಾ ಅಗಿಯುತ್ತಿದ್ದ ವಿಟ್ಲಾಕ್ ಜಿಗಿದೆದ್ದ.

"ನಿಲ್ಸಿ! ಎಡಗಡೆ ಬಗ್ಗಿ ನಿಂತಿರೋ ಆ ದಾಂಡಿಗನ ಕೈ ನೋಡಿ. ಚೆಂಡು ಹೊತ್ಕೊಂಡು ಓಡೋ ಆಟ ಆದ್ರೆ ಬೆರಳನ್ನ ನೆಲಕ್ಕೆ ಒತ್ತಿ ಹಿಡೀತಾನೆ. ಎಸೆಯೋ ಆಟ ಆದ್ರೆ ಸುಮ್ನೆ ತಾಗಿಸ್ತಾನೆ."

ಮತ್ತೆ ಮತ್ತೆ ನೋಡಿದೆವು. ಒಮ್ಮೆಯೂ ತಪ್ಪಲಿಲ್ಲ.

"ಮುಂಚೆನೇ ಎಲ್ಲಾ ಹೇಳ್ಬಿಡ್ತಾನಲ್ಲೋ, ಪೆದ್ದ!" ಮುಖ್ಯ ತರಬೇತುದಾರ ಹಾಲ್ವರ್ಸನ್ ಮೇಜು ಕುಟ್ಟಿದರು.

ನನಗೆ ಇಂಥ ಸಂಭ್ರಮ ಒಗ್ಗುವುದಿಲ್ಲ. "ಅವನನ್ನ ಪಳಗಿಸ್ತಿರೋದು ಯಾರು, ಕೋಚ್?" ಎಂದೆ.

"ನಮ್ಮ ಕೆಸ್ಲರ್. ಹೋದ ವರ್ಷ ನಮ್ಮನ್ನ ಬಿಟ್ಟು ಅಲ್ಲಿಗೇ ಹೋದನಲ್ಲ..."

ಹಾಲ್ವರ್ಸನ್ ಪರದೆಯ ಮೇಲಿನ ಆ ಬೆರಳಿನತ್ತ ಮತ್ತೆ ತಿರುಗಿದರು. ಎದುರಾಳಿಯ ವಿಡಿಯೊ ಹಾಕಿದೊಡನೆ ಮೊದಲು ಬೆರಳು ನೋಡಬೇಕೆಂದು, ಇದೇ ಕೋಣೆಯಲ್ಲಿ, ನಮಗೆಲ್ಲ ಕಲಿಸಿದವನು ಕೆಸ್ಲರ್.