ಎರಡು ಬೆರಳು ಸ್ಪಂಜು

ಮೂರು ವರ್ಷ ನನ್ನ ಕಾರಿನ ಮುಂದಿನ ಎಡಗಡೆ ಸೀಟು ಅವ್ವನದಾಗಿತ್ತು. ಬೇರೆ ಯಾರು ಕೂತರೂ ಅದರ ಲಿವರು ಮುಟ್ಟಗೊಡುತ್ತಿರಲಿಲ್ಲ. ಅವಳ ಬೆನ್ನಿಗೆ ಹೊಂದಿಸಿಟ್ಟ ಓರೆ ಕೆಟ್ಟೀತು ಎಂಬ ಭಯ. ಗಾಡಿ ಹಳೆಯದು, ಸಣ್ಣ ಸೆಡಾನು. ಆದರೆ ಸೀಟು ಹಳೆಯದಲ್ಲ, ನಾನೇ ಮಾಡಿದ್ದು. ಬೆಟಗೇರಿಯಲ್ಲಿ ನನ್ನದು ಸೀಟಿನ ಅಂಗಡಿ. ಅಪ್ಪ ಮುಳಗುಂದದಲ್ಲಿ ಚಕ್ಕಡಿ ಗಾಡಿ ಮಾಡುತ್ತಿದ್ದ. ಕೂಡುವ ಹಲಗೆ ಹಾಕುವ ಮೊದಲು ಕೂಡುವವನ ಮೊಳಕಾಲಿನಿಂದ ಹಿಮ್ಮಡಿಯವರೆಗೆ ದಾರ ಹಿಡಿಯುತ್ತಿದ್ದ. ಮೊದಲು ಕಾಲು, ಆಮೇಲೆ ಕಟ್ಟಿಗೆ. ನಾನೂ ಗಿರಾಕಿಗಳಿಗೆ ಹಾಗೇ ಮಾಡುತ್ತೇನೆ.

ಎಲ್ಲಿಗೆ ಹೋದರೂ ಇಳಿಯುವಾಗ ಅವ್ವ ಎರಡೂ ಕೈ ನನ್ನ ಕೊರಳಿಗೆ ಹಾಕಿ ಏಳುತ್ತಿದ್ದಳು. ಮಂದಿ ನೋಡುತ್ತಿದ್ದರು. ನೋಡಲಿ ಎಂದು ನಾನು ತುಸು ತಡ ಮಾಡುತ್ತಿದ್ದೆ.

ಆಮೇಲೆ ಗವಿಸಿದ್ದೇಶ ದೊಡ್ಡ ಗಾಡಿ ತಂದ.

ಅವನು ನಮ್ಮ ಅಕ್ಕ ನಾಗರತ್ನಾಳ ಗಂಡ. ಮುಂಡರಗಿಯಲ್ಲಿ ಬೀಜದ ಅಂಗಡಿ ಇಟ್ಟಿದ್ದಾನೆ. ಸೋಮವಾರ ಹನ್ನೊಂದಕ್ಕೆ ಆ ಎಸ್‌ಯುವಿಯನ್ನು ತಂದು ನನ್ನ ಅಂಗಡಿಯ ಮುಂದೆ ನಿಲ್ಲಿಸಿದಾಗ ಒಳಗೆ ಬೆಳಕು ಕಡಿಮೆಯಾಯಿತು. ಏಳು ಜನರ ಗಾಡಿ. ನಡುವಿನ ಸಾಲಿನಲ್ಲಿ ಎರಡು ಬಿಡಿ ಸೀಟು, ನಡುವೆ ಹಾದುಹೋಗಲು ದಾರಿ.

“ಅತ್ತಿ, ಬರ್ರಿ, ಏರ್ರಿ,” ಎಂದು ನನ್ನದೇ ಸ್ಟೂಲು ಎಳೆದು ಬಾಗಿಲ ಕೆಳಗಿಟ್ಟ. ನನಗೆ ಊಟ ತಂದಿದ್ದ ಅವ್ವ ಡಬ್ಬಿ ಕೆಳಗಿಟ್ಟು, ಸೆರಗು ಸಿಕ್ಕಿಸಿ ಏರಿದಳು. ಎಡಗಡೆಯ ಸೀಟಿನಲ್ಲಿ ಕೂತಳು. ಕೂತೊಡನೆ ಒಂದು ಚಪ್ಪಲಿ ಜಾರಿ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಟ್ಟವನು ನಾನು.

“ನೋಡಲೇ ಮೌನೇಶ, ಒಳಗ ಹೊಲ ಐತಿ, ಹೊಲ. ನಿನ್ನ ಗಾಡ್ಯಾಗ ಹಿಂದ ಕುಂತ್ರ ಮೊಳಕಾಲು, ಗದ್ದ ಎರಡೂ ಮಾತಾಡ್ತಾವು.”

“ನಿಮ್ಮದರಾಗ ಕಡೀ ಸಾಲಿನ್ಯಾಗ ಒಮ್ಮೆ ಕುಂತ ನೋಡ್ರಿ ಮಾಮಾ.”

“ಕಡೀ ಸಾಲು ನನಗಲ್ಲೋ. ಅದು ಹೆಂಡ್ತಿ ತಮ್ಮಂದಿರಿಗೆ!” ತಾನೇ ನಕ್ಕು ಅವ್ವನ ಕಡೆ ತಿರುಗಿದ. “ಹೆಂಗೈತ್ರಿ ಅತ್ತಿ?”

“ಛಲೋ ಐತ್ರೀ,” ಎಂದಳು ಅವ್ವ.

ನನ್ನ ಸೀಟಿಗೆ ಮೂರು ವರ್ಷದಲ್ಲಿ ಒಮ್ಮೆಯೂ ಅವಳು ‘ಛಲೋ’ ಅಂದದ್ದಿಲ್ಲ. ನಾನು ಕೇಳಿಯೂ ಇರಲಿಲ್ಲ, ಅದು ಬೇರೆ ಮಾತು.

ಬರುವ ಐತವಾರ ಶಿರಹಟ್ಟಿಯಲ್ಲಿ ಚಿಕ್ಕವ್ವನ ಮೊಮ್ಮಗಳ ತೊಟ್ಟಿಲು. ಕೂಸನ್ನು ತೊಟ್ಟಿಲಿಗೆ ಹಾಕುವವಳು ಮನೆತನದ ಹಿರಿಯಳು, ಅಂದರೆ ಅವ್ವ. ಅವಳು ಯಾರ ಗಾಡಿಯಿಂದ ಇಳಿಯುತ್ತಾಳೆ ಎಂದು ಇಡೀ ಬಳಗ ನೋಡುತ್ತದೆ.

“ಐತವಾರ ಎಲ್ಲಾರೂ ಇದರಾಗ ಹೋಗೂಣು,” ಎಂದ ಗವಿಸಿದ್ದೇಶ. “ಅಲ್ಲೀತನಕ ಗಾಡಿ ನಿನ್ನ ಕಡೆ ಇರ್ಲಿ. ಎಲ್ಲಾ ಸೀಟಿಗೂ ಕವರು ಹೊಲಿ. ಮನಿ ಮಗ ನೀ ಇರೂವಾಗ ಮತ್ತೊಬ್ಬರ ಕೈಗ್ಯಾಕ ಕೊಡ್ಲಿ?”

ಅವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಇಳಿದು, ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ಅಂದು ಸಂಜೆ ಎರಡೂ ಗಾಡಿ ಪಕ್ಕಪಕ್ಕ ನಿಲ್ಲಿಸಿ ಟೇಪು ಹಿಡಿದೆ. ಡ್ರೈವರ್ ಸೀಟನ್ನು ನನ್ನ ಕಾಲಿಗೆ ಹೊಂದಿಸಿದರೆ, ಅದರ ಹಿಂದೆ ಕೂತವನ ಮೊಳಕಾಲಿಗೆ ನನ್ನದರಲ್ಲಿ ನಾಲ್ಕು ಬೆರಳು ಜಾಗ. ಅವನದರಲ್ಲಿ ಒಂದು ಗೇಣು ದಾಟಿತು. ನನ್ನದರಲ್ಲಿ ಹಿಂದೆ ನಡುವೆ ಕೂಡುವವನು ನೆಲದ ಉಬ್ಬಿನ ಎರಡೂ ಕಡೆ ಕಾಲು ಚಾಚಿ ಕುದುರೆ ಏರಿದಂತೆ ಕೂಡಬೇಕು. ಅವನದರಲ್ಲಿ ನೆಲ ಸಪಾಟು, ರೊಟ್ಟಿ ಬಡಿಯಬಹುದು. ನನ್ನದರಲ್ಲಿ ರುಮಾಲು ಸುತ್ತಿದವನ ತಲೆ ಛಾವಣಿಗೆ ತಾಗುತ್ತದೆ. ಅವನದರಲ್ಲಿ ರುಮಾಲಿನ ಮೇಲೆ ಇನ್ನೊಂದು ರುಮಾಲು ಸುತ್ತಿದರೂ ನಡೆಯುತ್ತದೆ. ಕಡೆಯ ಸಾಲಿಗೆ ಹೋಗಿ ಕೂತೆ. ಮೊಳಕಾಲು ಎದೆಗೆ ಬಂದವು, ಸೊಂಟ ಹಿಡಿಯಿತು. ಬಹಳ ಹೊತ್ತು ಅಲ್ಲೇ ಕೂತಿದ್ದೆ. ಆ ಗಾಡಿಯಲ್ಲಿ ನನಗೆ ಸಿಕ್ಕ ಸುಖ ಅದೊಂದೇ.

“ನನ್ನದು ನೆಲಕ್ಕ ಹತ್ತಿ ಓಡ್ತೈತಿ ಇಸಾಕ. ಇದು ತಿರುವಿನ್ಯಾಗ ತೂಗಾಡ್ತೈತಿ,” ಎಂದೆ ಹೊರಗೆ ಬಂದು.

ಹೊಲಿಗೆ ಮಷೀನಿನ ಮುಂದೆ ಕೂತಿದ್ದ ಇಸಾಕ ತಲೆ ಎತ್ತಲಿಲ್ಲ. ಹತ್ತು ವರ್ಷದಿಂದ ನನ್ನ ಜೋಡಿ ಕೆಲಸ ಮಾಡುವವನು. “ಅಳತಿ ಸಾಕು ಮಾಡೋ ಮಾರಾಯಾ. ಟೇಪಿನ ಅಂಕಿ ಅಳಿಸಿ ಹೋಗ್ಯಾವು.”

ಶುಕ್ರವಾರ ಎಲ್ಲ ಕವರೂ ಮುಗಿದವು, ಒಂದರ ಹೊರತು. ನಡುವಿನ ಸಾಲಿನ ಎಡಗಡೆಯದು. ಅದನ್ನು ನಾನೇ ಬಿಚ್ಚಿದೆ. ಒಳಗಿನ ಸ್ಪಂಜು ಹೊಸದು, ಒತ್ತಿದರೆ ಕೈಯನ್ನು ಮೆಲ್ಲಗೆ ಮೇಲಕ್ಕೆ ಕಳಿಸುತ್ತಿತ್ತು. ಅದನ್ನು ಅಡಿಮೇಲು ಮಾಡಿ, ಉದ್ದ ಚೂರಿಯಿಂದ ಎರಡು ಬೆರಳು ದಪ್ಪ ಕೊಯ್ದು ತೆಗೆದೆ. ಈಗ ಕೂತವರಿಗೆ ಕೆಳಗಿನ ಗಟ್ಟಿ ತಳ ಸಿಗಬೇಕು. ಸಿಗಲಿ. ದಾರಿಯಲ್ಲಿ ಮುಳಗುಂದ ದಾಟುವುದರೊಳಗೆ ಅವ್ವ ಮಗ್ಗಲು ಬದಲಿಸಬೇಕು. ಮರಳಿ ಬರುವಾಗ ತಾನಾಗಿಯೇ ನನ್ನ ಕಡೆ ಬರಬೇಕು. ಅವಳ ನೋಯುವ ಸೊಂಟದ ನೆನಪು ಬರಲಿಲ್ಲವೇ ಅಂದರೆ, ಬಂತು. ಅರ್ಧ ದಿನದ ನೋವಷ್ಟೇ ಎಂದು ಅದನ್ನು ಸುಮ್ಮನಾಗಿಸಿದೆ.

“ಅದೊಂದಕ್ಯಾಕ ಚೂರಿ?” ಎಂದ ಇಸಾಕ.

“ಲೆವೆಲ್ ಮಾಡಾಕತ್ತೇನಿ.”

“ಯಾವುದರ ಲೆವೆಲ್ಲೋ?”

ನಾನು ಕವರು ಎಳೆದು ಕ್ಲಿಪ್ಪು ಬಿಗಿದೆ. ಕೊಯ್ದ ತುಂಡನ್ನು ನನ್ನ ಕಾರಿನ ಡಿಕ್ಕಿಗೆ ಎಸೆದೆ.

ಐತವಾರ ಮುಂಜಾನೆ ಅವ್ವ ಇಳಕಲ್ ಸೀರೆ ಉಟ್ಟು ಹೊರಗೆ ಬಂದಳು. ಎಲ್ಲರೂ ಒಂದರಲ್ಲೇ ಎಂದಿದ್ದರೂ ನಾನು ನನ್ನ ಕಾರನ್ನೂ ತೆಗೆದಿದ್ದೆ. ಎರಡೂ ಗಾಡಿಗಳ ಬಾಗಿಲು ತೆರೆದಿದ್ದವು. ಗವಿಸಿದ್ದೇಶ ಸ್ಟೂಲು ಹಿಡಿದು ನಿಂತಿದ್ದ. ಅವ್ವ ಅವನ ಕಡೆ ನೋಡಿ ನಕ್ಕು, ನೇರ ನನ್ನ ಕಾರಿಗೆ ಬಂದಳು. ನನ್ನ ಬಾಗಿಲಿನ ಮೇಲೆ ಕೈ ಇಟ್ಟಳು.

ಅಷ್ಟಕ್ಕೇ ನಿಲ್ಲಬೇಕಿತ್ತು ನಾನು.

“ಯವ್ವಾ, ತಮ್ಮ ಎಷ್ಟ ಚೆಂದ ಕವರ ಹಾಕ್ಯಾನ, ನೋಡ ಬಾ,” ಎಂದು ನಾಗರತ್ನಕ್ಕ ದೊಡ್ಡ ಗಾಡಿಯೊಳಗಿಂದ ಕೂಗಿದಳು.

“ಹೋಗಿ ಕುಂತ ನೋಡು ಬೇ,” ಎಂದೆ ನಾನು. ಗೆದ್ದವನ ಧೈರ್ಯ. ಅವ್ವ ಎಲ್ಲರೆದುರು ಮುಖ ಕಿವುಚುವುದನ್ನು ಗವಿಸಿದ್ದೇಶ ನೋಡಲಿ ಅನ್ನಿಸಿತ್ತು.

ಅವ್ವ ಸ್ಟೂಲು ಏರಿ, ಅದೇ ಸೀಟಿನಲ್ಲಿ ಕೂತಳು. ಕೆಳಗೆ ನೋಡಿಕೊಂಡಳು. ನಾನೂ ನೋಡಿದೆ. ಎರಡೂ ಪಾದ ನೆಲಕ್ಕೆ ಊರಿದ್ದವು. ಚಪ್ಪಲಿ ಬೀಳಲಿಲ್ಲ.

“ಈಗ ನೆಲಕ್ಕ ಹತ್ತಿದ್ವು ನೋಡ,” ಎಂದಳು. “ಅವತ್ತ ಕಾಲು ಜೋತಾಡ್ತಿದ್ವು. ಅಳಿಯಂದಿರ ಮುಂದ ಹೆಂಗ ಹೇಳೂದಂತ ಸುಮ್ಮನಿದ್ದೆ. ನಿನ್ನ ಗಾಡ್ಯಾಗ ಹೋದರಾತು ಅಂತ ಮಾಡಿದ್ದೆ ಮೌನೇಶ. ನೀನ ಸರಿ ಮಾಡಿಟ್ಟೀಯಲ್ಲ.”

ಗವಿಸಿದ್ದೇಶ ನನ್ನ ಬೆನ್ನಿಗೆ ಗುದ್ದಿದ. “ಮಗ ಅಂದ್ರ ಇಂವಾ! ನಾ ಹೇಳಿಲ್ಲ, ಅತ್ತಿ ಹೇಳಿಲ್ಲ. ತಾನ ಅಳತಿ ತಿಳಕೊಂಡಾನ! ನಮ್ಮ ಅವ್ವಂದೂ ಇಷ್ಟ ಎತ್ತರ ಐತಿ, ಬಲಗಡೆ ಸೀಟೂ ಹಿಂಗ ಮಾಡಿಕೊಡು.”

ನಾನು ಅಳೆದಿರಲಿಲ್ಲ. ಎರಡೂ ಗಾಡಿಗಳ ಮೂಲೆಮೂಲೆ ಅಳೆದಿದ್ದೆ, ಅವ್ವನ ಕಾಲಿಗೆ ಒಮ್ಮೆಯೂ ದಾರ ಹಿಡಿದಿರಲಿಲ್ಲ.

ನನ್ನ ಪಕ್ಕದ ಸೀಟಿನಲ್ಲಿ ಕರ್ಚಿಕಾಯಿಯ ಬುಟ್ಟಿ ಇಟ್ಟರು. ಅದಕ್ಕೆ ಬೆಲ್ಟು ಹಾಕಿ, ದೊಡ್ಡ ಗಾಡಿಯ ಹಿಂದೆ ಹೊರಟೆ. ಮುಳಗುಂದದ ತಿರುವಿನಲ್ಲಿ ಅದು ನಾನು ಹೇಳಿದ್ದಂತೆಯೇ ತೂಗಾಡಿತು. ಅದರ ಹಿಂದಿನ ಗಾಜಿನಲ್ಲಿ ಅವ್ವನ ತಲೆಯೂ ತೂಗಿತು. ಅವಳು ನಿದ್ದೆ ಹೋಗಿದ್ದಳು.

ಶಿರಹಟ್ಟಿಯಲ್ಲಿ ಚಿಕ್ಕವ್ವನ ಮನೆಯ ಮುಂದೆ ಬಳಗವೆಲ್ಲ ನಿಂತಿತ್ತು. ನಾನು ಓಡಿಹೋಗಿ ಬಾಗಿಲು ತೆಗೆದು ಕೊರಳು ಬಗ್ಗಿಸಿದೆ. ಅವ್ವ ಮೇಲಿನ ಹಿಡಿಕೆ ಹಿಡಿದಳು, ಪಾವಟಿಗೆಯ ಮೇಲೆ ಒಂದು ಕಾಲಿಟ್ಟಳು, ನೆಲಕ್ಕೆ ಇನ್ನೊಂದು. ಇಳಿದಳು. ಯಾರನ್ನೂ ಹಿಡಿಯಲಿಲ್ಲ.

“ಈ ಚೀಲ ಹಿಡಿ,” ಎಂದು ನನ್ನ ಚಾಚಿದ ಕೈಗೆ ಚೀಲ ಕೊಟ್ಟಳು. ಆಮೇಲೆ ನನ್ನ ಮುಖ ನೋಡಿ, ಸಮಾಧಾನ ಮಾಡುವವಳಂತೆ ಮೆಲ್ಲಗೆ ಹೇಳಿದಳು, “ನಿನ್ನ ಸೀಟು ಬಾಳ ತಗ್ಗ ಆಗತೈತೆಪಾ. ಏಳಾಕ ಜೀವಾ ಹೋಗ್ತಿತ್ತು. ಅದಕ್ಕ ನಿನ್ನ ಕೊರಳಿಗೆ ಜೋತು ಬೀಳ್ತಿದ್ದೆ.”

ಮೂರು ವರ್ಷ.

ಕೂಸಿಗೆ ಹೆಸರಿಟ್ಟರು. ಏನು ಹೆಸರೆಂದು ನಾನು ಕೇಳಿಸಿಕೊಳ್ಳಲಿಲ್ಲ. ಮರಳುವಾಗಲೂ ಅವ್ವ ಅದೇ ಗಾಡಿ ಹತ್ತಿದಳು.

ಮರುದಿನ ಇಸಾಕ ನನ್ನ ಡಿಕ್ಕಿ ತೆರೆದು ಸ್ಪಂಜಿನ ತುಂಡು ಹೊರಗೆಳೆದ. ಒಮ್ಮೆ ಅದನ್ನು ನೋಡಿದ, ಒಮ್ಮೆ ನನ್ನ ಕಾರಿನ ಮುಂದಿನ ಸೀಟನ್ನು.

“ಇದನ್ನ ಇದರ ತಳಕ್ಕ ಕೊಟ್ಟಬಿಡೋ. ಎರಡು ಬೆರಳು ಎತ್ತರ ಆದ್ರ ಯವ್ವ ತಾನ ಏಳ್ತಾಳ. ಅರ್ಧ ತಾಸಿನ ಕೆಲಸ.”

ನನಗೂ ರಾತ್ರಿಯೇ ಹೊಳೆದಿತ್ತು. ನನ್ನ ಕೊರಳು ಹಿಡಿಯದೆ ತಾನೇ ಎದ್ದು ನಿಲ್ಲುವ ಅವ್ವನನ್ನೂ, ಪಕ್ಕದಲ್ಲಿ ಚೀಲ ಹಿಡಿದು ನಿಂತ ನನ್ನನ್ನೂ ಕಂಡಿದ್ದೆ.

“ಸೂಜಿ ಸಿಗವಲ್ದು,” ಎಂದೆ.

ಇಸಾಕ ನನ್ನ ಅಂಗಿಯ ಕಾಲರನ್ನು ನೋಡಿದ. ಸೂಜಿ ಅಲ್ಲೇ ಚುಚ್ಚಿತ್ತು, ದಾರ ಪೋಣಿಸಿದ್ದು. ಅವನು ತುಂಡನ್ನು ಡಿಕ್ಕಿಗೆ ಹಾಕಿ ಬಾಗಿಲು ಮುಚ್ಚಿದ.