ಏಳದ ಗೆರೆ

ಮನಸ್ಸಿಗೆ ಒಪ್ಪದ ಅಂಕಿಯನ್ನು ಎತ್ತಿ ಬಿಸಾಡಬಾರದು. ಪರಿಸರ ವಿಜ್ಞಾನದ ವಿದ್ಯಾರ್ಥಿಗಳು ಮೊದಲು ಕಲಿಯಬೇಕಾದದ್ದು ಇದನ್ನೇ ಎಂದು ಪ್ರತಿ ವರ್ಷ ಗಂಟಲು ಹರಿದುಕೊಳ್ಳುತ್ತೇನೆ. ಈ ಸಲ ಮನೆಯ ಸದ್ದು ಅಳೆದು ತನ್ನಿರೆಂದು ಎಲ್ಲರಿಗೂ ಒಂದೊಂದು ಶಬ್ದಮಾಪಕ ಕೊಟ್ಟೆ. ಮಿಕ್ಕ ಒಂದನ್ನು, ನಾನೊಬ್ಬಳೇ ಇರುವ ಮನೆಯ ಊಟದ ಮೇಜಿನ ಮೇಲೆ ಭಾನುವಾರವಿಡೀ ಇಟ್ಟೆ.

ಸೋಮವಾರ ತರಗತಿಯ ಪರದೆಯ ಮೇಲೆ ಎಲ್ಲರ ಮನೆಯ ಸದ್ದಿನ ಗೆರೆಗಳು ಕುಣಿದವು. ಟಿವಿ, ಮಗುವಿನ ಅಳು, ಅಣ್ಣ ತಂಗಿಯರ ಜಗಳ, ಎಲ್ಲವೂ ಇದ್ದವು. ಹೆಸರು ಬರೆಯದ ನನ್ನ ಗೆರೆ ಮಾತ್ರ ನೆಲಕ್ಕಂಟಿಕೊಂಡು ಮಲಗಿತ್ತು.

"ಮೇಡಂ, ಈ ಮೆಷಿನ್ ಕೆಟ್ಟೋಗಿದೆ," ಎಂದಳು ಮುಂದಿನ ಬೆಂಚಿನ ಬಾಯಿಬಡುಕಿ. "ಜನ ಇರೋ ಮನೆ ಇಷ್ಟು ಸುಮ್ನಿರುತ್ತಾ? ಇದನ್ನ ತೆಗೆದ್ಹಾಕಿಬಿಡೋಣ."

"ಮೆಷಿನ್ ಸರಿಯಾಗೇ ಇದೆ. ಏನು ಹೇಳ್ಕೊಟ್ಟಿದ್ದೆ ನಾನು?" ಎಂದು ಸಿಡುಕಿದೆ.

ಅವಳು ಬಗ್ಗಿ ನೋಡಿದಳು. "ಹಾಗಾದ್ರೆ ರಾತ್ರಿ ಇಲ್ಲೊಂದು ಸಲ ಎದ್ದಿದೆಯಲ್ಲ, ಇದೇನು?"

ಊಟಕ್ಕೆ ಕೂತಾಗ ಎದುರಿಗಿದ್ದ ಆ ಯಂತ್ರವನ್ನು ನಾನು ಮಾತಾಡಿಸಿದ್ದೆ.

"ಊಟ ಆಯ್ತಾ ಅಂತ ಯಾರೋ ಕೇಳಿರ್ಬೇಕು," ಎಂದೆ.

ಅವಳ ಬೆರಳು ಪರದೆಯ ಕೊನೆಯವರೆಗೂ ಹರಿದು ನಿಂತಿತು. "ಮತ್ತೆ ಉತ್ತರ ಎಲ್ಲಿ ಮೇಡಂ?"